ಕೆಂಚಿಯ ಬೆನ್ನಿನ ಪುಕ್ಕ

ವೇದಾವತಿಯ ದಡದಲ್ಲಿ ಸೋಮಾಂಬೆ ಎಂಬ ಗುರುಮಾತೆಯ ಆಶ್ರಮವಿತ್ತು. ಓದುವುದು, ಧ್ಯಾನಿಸುವುದು, ಉಳಿದ ಹೊತ್ತಿನಲ್ಲಿ ಮೌನವಾಗಿರುವುದು, ಇಷ್ಟೇ ಅಲ್ಲಿಯ ನಡೆ. ಶಿಷ್ಯರು ಒಂಬತ್ತು ಮಂದಿ. ಕೋಳಿಗಳು ಹನ್ನೊಂದು.

ಆಚೆ ದಡದ ಮಾರಿಗುಡಿಗೆ ಕೋಳಿಯ ಹರಕೆ ಹೊತ್ತವರಲ್ಲಿ ಕೆಲವರಿಗೆ ಕತ್ತಿ ಎತ್ತುವ ಹೊತ್ತಿಗೆ ಮನಸ್ಸು ಬಾರದು. ಅಂಥವರು ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು, ಹೊಳೆ ದಾಟಿ ಬಂದು, ಸೋಮಾಂಬೆಯ ಅಂಗಳದಲ್ಲಿ ಬಿಟ್ಟು ಹೋಗುತ್ತಿದ್ದರು. ಹಾಗೆ ಬಿಟ್ಟ ಕೋಳಿ ಆಯುಸ್ಸು ತೀರುವ ತನಕ ಅಲ್ಲಿ ನಿರ್ಭಯವಾಗಿ ಬದುಕಬೇಕೆಂಬುದು ಆಶ್ರಮದ ಮಾತು.

ಅವನ್ನು ನೋಡಿಕೊಳ್ಳುವ ಹೊಣೆ ಪಾಲಾಕ್ಷನೆಂಬ ಶಿಷ್ಯನದು.

ಒಂದು ಬೆಳಗ್ಗೆ ಪಾಲಾಕ್ಷನು ಹೆಗಲಿಗೆ ಗಂಟು ಏರಿಸಿಕೊಂಡು ಗುರುವಿನ ಮುಂದೆ ಬಂದು ನಿಂತನು.

"ಅವ್ವಾ, ಅಪ್ಪಣೆ ಕೊಡಿ. ನಾನು ಹೊರಡುತ್ತೇನೆ."

"ಎಲ್ಲಿಗೆ?"

"ಎಲ್ಲಿಗಾದರೂ."

"ಅದು ಬಹಳ ದೂರದ ಊರು. ಬುತ್ತಿ ಕಟ್ಟಿಕೊಂಡೆಯಾ?"

ಪಾಲಾಕ್ಷನಿಗೆ ನಗು ಬರಲಿಲ್ಲ.

ಆಶ್ರಮದಲ್ಲಿ ಶೋಧನೆ ಎಂಬ ಪದ್ಧತಿಯೊಂದಿತ್ತು. ದೀಪ ಹಚ್ಚಿದ ಮೇಲೆ ಶಿಷ್ಯರೆಲ್ಲರೂ ಸುತ್ತ ಕುಳಿತು, ಒಬ್ಬನಲ್ಲಿ ಕಂಡ ದೋಷವನ್ನು ಇನ್ನೊಬ್ಬನು ಹೇಳಬೇಕು. ಹೇಳಿಸಿಕೊಂಡವನು ತಲೆ ಬಾಗಿ "ತಿದ್ದಿಕೊಳ್ಳುತ್ತೇನೆ" ಎನ್ನಬೇಕು. ಬೇರೆ ಮಾತಿಗೆ ಅಲ್ಲಿ ಎಡೆಯಿಲ್ಲ.

ಕಳೆದ ತಿಂಗಳು ಯಾತ್ರಿಕರ ಸಭೆಯಲ್ಲಿ ಪುರಾಣ ಓದುತ್ತಿದ್ದ ಪಾಲಾಕ್ಷನು ಎರಡು ಹಾಳೆಗಳನ್ನು ಒಮ್ಮೆಗೇ ಮಗುಚಿಬಿಟ್ಟಿದ್ದನು. ಅದನ್ನು ಅರಿಯದೆ ಮುಂದೆ ಓದಲು, ಮದುವೆಯೇ ಆಗದ ಅರಸನು ಮಗನ ಅಗಲಿಕೆಗೆ ಅಳತೊಡಗಿದನು. ಸಭೆ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಪ್ರತಿ ಸಂಜೆ ಎಂಟು ಬೆರಳುಗಳೂ ಪಾಲಾಕ್ಷನ ಕಡೆಗೇ ತಿರುಗುತ್ತಿದ್ದವು. ನಡೆಯುವ ಬಗೆಯಲ್ಲಿ ದೋಷ, ಗಂಜಿ ಕುಡಿಯುವ ಸದ್ದಿನಲ್ಲಿ ದೋಷ.

"ನಿನ್ನೆ ನನ್ನ ಸೀನಿನಲ್ಲಿ ಅಹಂಕಾರವಿದೆ ಎಂದರು, ಅವ್ವಾ."

"ಇತ್ತೇ?"

"ಸೀನಿನಲ್ಲಿ ಸೀನಿತ್ತು."

ಗುರುವು ಮರುಮಾತಾಡುವುದರೊಳಗೆ ಬಾಗಿಲಲ್ಲಿ ಗಟ್ಟಿ ದನಿಯೊಂದು ಕೇಳಿತು. ಆಚೆ ದಡದ ಮಾರಕ್ಕ, ತಾನು ಮೂರು ತಿಂಗಳ ಹಿಂದೆ ಬಿಟ್ಟು ಹೋಗಿದ್ದ ಹ್ಯಾಟೆ ಕೋಳಿಯನ್ನು ಅಂಗಳದಿಂದ ಎತ್ತಿಕೊಂಡು ಒಳಗೇ ಬಂದಿದ್ದಳು. ಕೆಂಪು ಬಣ್ಣದ ಆ ಹ್ಯಾಟೆಯ ಹೆಸರು ಕೆಂಚಿ. ಈಗ ಕುತ್ತಿಗೆಯಿಂದ ಬಾಲದ ಬುಡದವರೆಗೆ ಅದರ ಬೆನ್ನಮೇಲೆ ಒಂದು ಪುಕ್ಕವೂ ಇರಲಿಲ್ಲ. ಬೋಳು ಚರ್ಮದಲ್ಲಿ ಅಲ್ಲಲ್ಲಿ ರಕ್ತ ಹೆಪ್ಪುಗಟ್ಟಿತ್ತು.

"ಇದ್ಯಾವ ನ್ಯಾಯ ಅವ್ವಾ?" ಎಂದಳು ಮಾರಕ್ಕ. "ಮಗಳು ಜ್ವರದಾಗೆ ಮಲಗಿದ್ದಾಗ ಇವಳನ್ನ ಮಾರವ್ವಂಗೆ ಅಂತ ಬೇಡ್ಕಂಡಿದ್ದೆ. ಮಗಳು ಎದ್ದು ಕುಂತ್ಲು, ಕೆಂಚಿನ ಕುಯ್ಯಬ್ಯಾಡವ್ವ ಅಂತ ಅತ್ಲು. ಅದಕ್ಕೇ ನಿಮ್ಮತ್ರ ತಂದು ಬಿಟ್ಟೆ. ಗುಡಿ ಮುಂದಾಗಿದ್ರೆ ಒಂದೇ ಏಟು. ನೀವು ದಿನಾ ಒಂದೊಂದು ಚೂರು ಕೊಲ್ತಾ ಇದೀರಲ್ಲ!"

ಪಾಲಾಕ್ಷನ ಮುಖ ಕಪ್ಪಿಟ್ಟಿತು. ಇಷ್ಟು ದಿನ ಅವನು ತನ್ನ ನೋವಿನಲ್ಲೇ ಮುಳುಗಿ, ಕಾಳು ಎರಚಿ ಬೆನ್ನು ತಿರುಗಿಸಿ ಬರುತ್ತಿದ್ದನೇ ಹೊರತು ಕೋಳಿಗಳನ್ನು ಕಣ್ಣಿಟ್ಟು ನೋಡಿರಲಿಲ್ಲ.

"ಪುಕ್ಕ ಬದಲಿಸುವ ಕಾಲವಿರಬೇಕು," ಎಂದನು.

"ಹಂಗಾದ್ರೆ ಉದುರಿದ ಪುಕ್ಕ ಎಲ್ಲಿ ಸ್ವಾಮಿ? ನೆಲದ ಮ್ಯಾಲೆ ಒಂದನ್ನಾದ್ರೂ ತೋರ್ಸಿ ನೋಡನ."

ಸೋಮಾಂಬೆ ಕೆಂಚಿಯನ್ನು ತೆಗೆದುಕೊಂಡು ಹೊರಗೆ ಹೋಗಿ ಅಂಗಳದಲ್ಲಿ ಇಳಿಸಿದಳು. ಮರುಕ್ಷಣವೇ ಚುಕ್ಕೆ ಮೈಯ ದೊಡ್ಡ ಹ್ಯಾಟೆಯೊಂದು ಓಡಿ ಬಂದು, ಕೆಂಚಿಯ ರೆಕ್ಕೆಯಂಚಿನಲ್ಲಿ ಉಳಿದಿದ್ದ ಪುಕ್ಕವೊಂದನ್ನು ಕಿತ್ತು, ಕತ್ತು ಕೊಂಕಿಸಿ ನುಂಗಿಬಿಟ್ಟಿತು.

ಪುಕ್ಕ ನೆಲಕ್ಕೆ ಬೀಳಲೇ ಇಲ್ಲ.

"ಎರಡು ಹುಣ್ಣಿಮೆ ಕಾಯ್ತೀನಿ," ಎಂದಳು ಮಾರಕ್ಕ. "ಅಷ್ಟ್ರೊಳಗೆ ಇವಳ ಬೆನ್ನು ತುಂಬಬೇಕು. ಇಲ್ದಿದ್ರೆ ಮಾರವ್ವನ ಪಾಲು ಮಾರವ್ವಂಗೇ. ಹಿಂಗೆ ನರಳಾದಕ್ಕಿಂತ ಅದೇ ವಾಸಿ."

ಅವಳು ಹೋದ ಮೇಲೆ ಗುರುವು ಶಿಷ್ಯನ ಕಡೆಗೆ ತಿರುಗಿದಳು.

"ಗಂಟು ಇಳಿಸು, ಮಗಾ. ಕೆಂಚಿಯ ಬೆನ್ನು ತುಂಬಿದ ದಿನ ನೀನು ಹೋಗಬಹುದು."

ಪಾಲಾಕ್ಷನು ಗಂಟು ಇಳಿಸಿದನು. ರಕ್ತದ ಕೆಂಪು ಕಾಣದಂತೆ ಬೇವಿನೆಣ್ಣೆಯಲ್ಲಿ ಮಸಿ ಕಲಸಿ ಹ್ಯಾಟೆಯ ಬೆನ್ನಿಗೆ ಸವರಿದನು. ಅದನ್ನು ಅಡುಗೆಮನೆಯ ಜಗುಲಿಯಲ್ಲಿ ಬಿದಿರ ಮಂಕರಿಯ ಕೆಳಗೆ ಒಂಟಿಯಾಗಿ ಇರಿಸಿ, ಕೈಯಾರೆ ಉಣಿಸಿದನು. ಹತ್ತು ದಿನ ಕಳೆಯಲು ಬೋಳು ಚರ್ಮದಿಂದ ನೀಲಿ ಮುಳ್ಳುಗಳಂತೆ ಎಳೆಯ ಪುಕ್ಕಗಳು ತಲೆಯೆತ್ತಿದವು.

"ಅವ್ವಾ, ನೋಡಿ!"

"ಮಂಕರಿಯ ಕೆಳಗೆ ಯಾರಿಗೆ ತಾನೇ ದುಃಖ? ಹೊರಗೆ ಬಿಡು."

ಬಿಟ್ಟನು. ಹತ್ತು ದಿನ ಕಾಣದ ಕೆಂಚಿಯನ್ನು ಉಳಿದ ಹತ್ತು ಹ್ಯಾಟೆಗಳು ಪರಕೀಯಳನ್ನು ಕಂಡಂತೆ ಕಂಡು ಸುತ್ತುವರಿದವು. ಮಧ್ಯಾಹ್ನದೊಳಗೆ ಎಳೆಯ ಪುಕ್ಕಗಳೆಲ್ಲ ಮುರಿದು, ಮೊದಲಿಗಿಂತ ಹೆಚ್ಚು ರಕ್ತ ಸುರಿಯಿತು.

ಪಾಲಾಕ್ಷನು ಹಲ್ಲು ಕಚ್ಚಿ ಚುಕ್ಕೆಯ ಹ್ಯಾಟೆಯನ್ನೇ ಹಿಡಿದು ಮಂಕರಿಯ ಕೆಳಗೆ ತಳ್ಳಿದನು. ಮಾರನೆಯ ದಿನ ಕರಿಯ ಹ್ಯಾಟೆ ಆ ಕೆಲಸ ವಹಿಸಿಕೊಂಡಿತು. ಅದನ್ನೂ ಮುಚ್ಚಲು, ಅಲ್ಲಿಯವರೆಗೆ ಯಾರ ಗೊಡವೆಗೂ ಹೋಗದಿದ್ದ ಬಿಳಿಯದು ಮುಂದೆ ಬಂದಿತು.

"ಅವ್ವಾ, ದುಷ್ಟೆಯನ್ನು ತೆಗೆದರೆ ಇನ್ನೊಬ್ಬಳು ದುಷ್ಟೆಯಾಗುತ್ತಾಳೆ."

"ನಮ್ಮಲ್ಲಿ ಮಂಕರಿಗಳು ಎಷ್ಟಿವೆ?"

"ನಾಲ್ಕು."

"ಹಾಗಾದರೆ ಆರು ಮಂದಿ ದುಷ್ಟೆಯರು ಉಳಿದೇ ಉಳಿಯುತ್ತಾರೆ," ಎಂದು ಹೇಳಿ ಗುರುವು ಸ್ನಾನಕ್ಕೆ ಹೊರಟುಹೋದಳು.

ಮೊದಲ ಹುಣ್ಣಿಮೆ ಕಳೆಯಿತು. ಆ ಸಂಜೆಯ ಶೋಧನೆಯಲ್ಲಿ ಹಿರಿಯ ಶಿಷ್ಯ ಮುರಿಗೆಪ್ಪನು ಗಂಟಲು ಸರಿಪಡಿಸಿಕೊಂಡನು.

"ಒಂದು ಕೋಳಿಯನ್ನು ಕಾಯಲಾರದವನು ಮನಸ್ಸನ್ನು ಕಾಯುವುದುಂಟೇ, ತಮ್ಮಾ?"

"ತಿದ್ದಿಕೊಳ್ಳುತ್ತೇನೆ," ಎಂದನು ಪಾಲಾಕ್ಷ.

ಮರುದಿನ ಸೂರ್ಯೋದಯಕ್ಕೆ ಗುರುವು ಅವನ ಪುಸ್ತಕವನ್ನೂ ಜಪಮಣಿಯನ್ನೂ ಕಸಿದುಕೊಂಡಳು.

"ಅಂಗಳದ ನಡುವೆ ಕುಳಿತುಕೋ. ನಾನು ಬರುವ ತನಕ ಓದಬೇಡ, ಜಪಿಸಬೇಡ, ಏಳಬೇಡ."

"ಮತ್ತೇನು ಮಾಡಲಿ?"

"ಕೋಳಿಗಳಿಗೆ ಮಾಡಲು ಅಲ್ಲಿ ಏನಿದೆಯೋ ಅದನ್ನೇ ಮಾಡು."

ಆ ಅಂಗಳವು ಮುರಿಗೆಪ್ಪನ ಇಪ್ಪತ್ತು ವರ್ಷದ ಹೆಮ್ಮೆ. ದಿನಕ್ಕೆ ಎರಡು ಸಲ ಗುಡಿಸಿ, ಸಗಣಿಯಿಂದ ಸಾರಿಸಿ, ಬಿದ್ದ ಸಾಸಿವೆಯೂ ದೂರಕ್ಕೆ ಕಾಣುವಂತೆ ಅವನು ಅದನ್ನು ಕಾಪಾಡಿದ್ದನು. ಯಾತ್ರಿಕರು ಅದನ್ನು ನೋಡಿ ಕೈಮುಗಿಯುತ್ತಿದ್ದರು. ನಾಲ್ಕು ಕಡೆ ಗೋಡೆ. ಧ್ಯಾನಮಂದಿರ ಹೊಲಸಾಗದಿರಲೆಂದು ಕೋಳಿಗಳು ಗೋಡೆ ದಾಟುವಂತಿರಲಿಲ್ಲ. ಬೆಳಗ್ಗೆ ಎರಚಿದ ಕಾಳನ್ನು ಅವು ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಸುತ್ತಿದ್ದವು. ಆಮೇಲೆ ಸಂಜೆಯವರೆಗೆ ನುಣ್ಣನೆಯ ನೆಲ.

ಪಾಲಾಕ್ಷನು ಕುಳಿತನು.

ಮೊದಲು ಗೋಡೆಯ ಕಲ್ಲುಗಳನ್ನು ಎಣಿಸಿದನು. ಅದು ಮುಗಿಯಿತು. ಎದುರಿನ ಮುರಿಗೆಪ್ಪನ ಕಿಟಕಿಯನ್ನು ನೋಡಿ, ಆ ಮನುಷ್ಯನ ಮೂಗು ಎಷ್ಟು ಉದ್ದ ಎಂದು ಯೋಚಿಸಿದನು. ಅದೂ ಮುಗಿಯಿತು. ಪಂಚೆಯ ಅಂಚಿನ ಎಳೆಗಳನ್ನು ಒಂದೊಂದಾಗಿ ಎಳೆದನು. ಉಗುರು ಕಚ್ಚಿದನು. ಬಿಸಿಲೇರಿತು.

ನಡುಹಗಲಿಗೆ ಗುರುವು ಬಂದಳು.

"ಏನು ಮಾಡಿದೆ?"

"ಏನೂ ಮಾಡಲಿಲ್ಲ, ಅವ್ವಾ."

"ಮೊಣಕಾಲು ನೋಡಿಕೋ."

ನೋಡಿಕೊಂಡನು. ವಾರದ ಹಿಂದೆ ಸ್ನಾನಘಟ್ಟದಲ್ಲಿ ಜಾರಿ ತರಚಿದ್ದ ಗಾಯ ಒಣಗಿ ಹಕ್ಕಳೆ ಕಟ್ಟಿತ್ತು. ಯಾವಾಗಲೋ ಅವನ ಬೆರಳೇ ಅದನ್ನು ಕೆರೆದು ಕಿತ್ತುಹಾಕಿತ್ತು. ರಕ್ತವು ಪಾದದವರೆಗೆ ಹರಿದಿತ್ತು. ಚುಕ್ಕೆಯ ಹ್ಯಾಟೆ ಕತ್ತು ನೀಡಿ ಆ ಕೆಂಪನ್ನು ದಿಟ್ಟಿಸಿ ನೋಡಿ, ಒಂದು ಕುಕ್ಕು ಕುಕ್ಕಿಯೇಬಿಟ್ಟಿತು.

"ಅಯ್ಯೋ!" ಎಂದು ಪಾಲಾಕ್ಷನು ನೆಗೆದು ನಿಂತನು.

ನಿಂತವನು ನಿಂತೇ ಇದ್ದನು. ಹ್ಯಾಟೆಯನ್ನು ನೋಡಿದನು, ತನ್ನ ಬೆರಳನ್ನು ನೋಡಿದನು, ನುಣ್ಣನೆಯ ನೆಲವನ್ನು ನೋಡಿದನು.

"ಅವ್ವಾ, ಇಲ್ಲಿಗೆ ಬರುವ ಮೊದಲು ಇವು ಹಗಲೆಲ್ಲ ಏನು ಮಾಡುತ್ತಿದ್ದವು?"

"ನನ್ನನ್ನೇಕೆ ಕೇಳುತ್ತೀ? ಮಾರಕ್ಕನ ಹಿತ್ತಲು ಹೊಳೆಯಾಚೆ ಹಾಗೆಯೇ ಇದೆ."

ಪಾಲಾಕ್ಷನು ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡು ಹೊಳೆ ದಾಟಿದನು.

ಮಾರಕ್ಕನ ಹಿತ್ತಲಲ್ಲಿ ಇಪ್ಪತ್ತು ಕೋಳಿಗಳಿದ್ದವು. ಕೆಲವು ತಿಪ್ಪೆಯನ್ನು ಕೆದರಿ ಹುಳು ಹೆಕ್ಕುತ್ತಿದ್ದವು. ಕೆಲವು ರಾಗಿ ಹುಲ್ಲಿನೊಳಗೆ ಕತ್ತು ತೂರಿಸಿದ್ದವು. ಎರಡು ಬೂದಿಗುಂಡಿಯಲ್ಲಿ ಮೈ ಚೆಲ್ಲಿ ಹೊರಳಾಡುತ್ತಿದ್ದವು. ಯಾವುದರ ಕಣ್ಣೂ ಇನ್ನೊಂದರ ಬೆನ್ನಿನ ಮೇಲಿರಲಿಲ್ಲ.

"ಏನ್ ಸ್ವಾಮಿ, ಕೋಳಿ ನೋಡಾಕೆ ಹೊಳೆ ಹಾಯ್ದು ಬಂದ್ರಾ?"

"ಇವು ಒಂದನ್ನೊಂದು ಕುಕ್ಕುವುದಿಲ್ಲವೇ, ಮಾರಕ್ಕ?"

"ಕುಕ್ಕದೆ ಏನು? ಒಂದೇಟು ಕುಕ್ತಾವೆ. ಆಮ್ಯಾಕೆ ಅವಕ್ಕೆ ಪುರುಸೊತ್ತು ಎಲ್ಲೈತೆ?"

ಪಾಲಾಕ್ಷನು ತಿಪ್ಪೆಯ ಕಡೆಗೆ ಕೈ ತೋರಿ ಕೇಳಿದನು:

"ಎರಡು ಮಂಕರಿ ತಿಪ್ಪೆ ಕೊಡುತ್ತೀರಾ?"

ಮಾರಕ್ಕನಿಗೆ ನಗು ತಡೆಯಲಾಗಲಿಲ್ಲ. "ಆಶ್ರಮದೋರು ವಿಭೂತಿ ಕೊಡ್ತಾರೆ ಅಂತ ಕೇಳಿದ್ದೆ. ತಿಪ್ಪೆ ಬೇಡ್ತಾರೆ ಅಂತ ಇವತ್ತೇ ಗೊತ್ತಾಗಿದ್ದು! ತಗಂಡೋಗಿ ಸ್ವಾಮಿ, ಹುಲ್ಲೂ ತಗಂಡೋಗಿ."

ಆ ಸಂಜೆ ಮುರಿಗೆಪ್ಪನು ಪೊರಕೆ ಹಿಡಿದು ಅಂಗಳಕ್ಕೆ ಬರಲು, ಇಪ್ಪತ್ತು ವರ್ಷ ಸಾರಿಸಿದ ನೆಲದ ನಟ್ಟನಡುವೆ ಮೊಣಕಾಲೆತ್ತರದ ತಿಪ್ಪೆ ಬಿದ್ದಿತ್ತು. ಅದರ ಸುತ್ತ ರಾಗಿ ಹುಲ್ಲು, ಹೊಂಗೆಯ ಒಣ ಎಲೆ. ಮೂಲೆಯಲ್ಲಿ ಬೂದಿಗುಂಡಿ. ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದಲ್ಲಿ ನುಗ್ಗೆಸೊಪ್ಪಿನ ಕಂತೆಗಳು ತೂಗುತ್ತಿದ್ದವು. ಪಾಲಾಕ್ಷನು ಹಾರೆ ಹಿಡಿದು ಹಿಂದಿನ ಗೋಡೆಯಲ್ಲಿ ಹೊಂಗೆಯ ತೋಪಿಗೆ ದಾರಿ ತೆರೆಯುತ್ತಿದ್ದನು.

"ಏನೋ ಇದು!" ಎಂದು ಮುರಿಗೆಪ್ಪನು ಕೂಗಿದನು. "ಇಪ್ಪತ್ತು ವರ್ಷದ ಅಂಗಳ ಕಣೋ!"

"ಬಲ್ಲೆ, ಅಣ್ಣಾ."

"ಬಲ್ಲೆಯಂತೆ! ಈಗಲೇ ಗುಡಿಸಿ ಹಾಕುತ್ತೇನೆ, ನೋಡು."

"ಗುಡಿಸಿದರೆ ಮತ್ತೆ ತಂದು ಸುರಿಯುತ್ತೇನೆ."

ಈ ಮಾತು ತನ್ನ ಬಾಯಿಂದಲೇ ಬಂದಿತೆಂದು ಪಾಲಾಕ್ಷನಿಗೆ ಆಶ್ಚರ್ಯವಾಯಿತು. ದೋಷ ಹೇಳಿಸಿಕೊಂಡೂ ಅವನು "ತಿದ್ದಿಕೊಳ್ಳುತ್ತೇನೆ" ಎನ್ನದಿದ್ದುದು ಇದೇ ಮೊದಲು.

ಮುರಿಗೆಪ್ಪನು ಪೊರಕೆಯೊಡನೆಯೇ ಗುರುವಿನ ಬಳಿಗೆ ಓಡಿದನು.

"ಅವ್ವಾ, ನೀವೇ ಹೇಳಿ. ಇದು ಅಂಗಳವೇ?"

"ಕೇಳುತ್ತಿರುವುದು ಯಾರು? ನೀನೋ, ಕೋಳಿಗಳೋ?"

ಮುರಿಗೆಪ್ಪನು ಪೊರಕೆಯನ್ನು ಮೂಲೆಗೆ ಒರಗಿಸಿದನು.

ಮರುದಿನ ಪಾಲಾಕ್ಷನು ಕೆಂಚಿಯ ಬೆನ್ನಿಗೆ ಮತ್ತೆ ಮಸಿಯ ಎಣ್ಣೆ ಸವರಿ, ಮಂಕರಿಗಳನ್ನೆಲ್ಲ ಎತ್ತಿ, ಹನ್ನೊಂದು ಹ್ಯಾಟೆಗಳನ್ನೂ ಒಟ್ಟಿಗೆ ಬಿಟ್ಟನು.

ಚುಕ್ಕೆಯ ಹ್ಯಾಟೆ ನೇರವಾಗಿ ಕೆಂಚಿಯ ಕಡೆಗೆ ನಡೆಯಿತು. ಬೆನ್ನಿಗೆ ಒಂದು ಕುಕ್ಕು ಹಾಕಿತು. ಎರಡನೆಯದಕ್ಕೆ ಕತ್ತೆತ್ತಿತು. ಅಷ್ಟರಲ್ಲಿ ಅದರ ಕಾಲಬುಡದ ಹುಲ್ಲಿನಲ್ಲಿ ಏನೋ ಮಿಸುಕಿತು. ಹ್ಯಾಟೆ ಒಂದು ಕಣ್ಣಿನಿಂದ ನೋಡಿತು. ತಲೆ ಹೊರಳಿಸಿ ಇನ್ನೊಂದು ಕಣ್ಣಿನಿಂದ ನೋಡಿತು. ಕಾಲಿನಿಂದ ಒಮ್ಮೆ ಕೆದರಿತು. ಆಮೇಲೆ ಕೆದರಿತು, ಕೆದರಿತು, ಸಂಜೆಯವರೆಗೆ ಕೆದರುತ್ತಲೇ ಇತ್ತು.

ಪಾಲಾಕ್ಷನು ದಿನವೂ ಹೊಸ ಎಲೆ ತಂದು ಸುರಿದನು. ಸೊಪ್ಪಿನ ಕಂತೆಗಳಿಗೆ ಹ್ಯಾಟೆಗಳು ನೆಗೆದು ನೆಗೆದು ಜೋತುಬಿದ್ದವು. ತೋಪಿನಲ್ಲಿ ಗೆದ್ದಲು ಹುಡುಕಿ ಅಲೆದವು. ಒಂದು ಸಾಯಂಕಾಲ, ಬೆಳಗ್ಗೆಯಿಂದ ಕೆಂಚಿಯ ಚೀರಾಟವೇ ಕಿವಿಗೆ ಬಿದ್ದಿಲ್ಲವೆಂಬುದು ಅವನಿಗೆ ಹೊಳೆಯಿತು. ಹುಡುಕಿ ನೋಡಲು, ಅದು ಚುಕ್ಕೆಯ ಹ್ಯಾಟೆಯ ಪಕ್ಕದಲ್ಲೇ ಬೂದಿಯಲ್ಲಿ ಹೊರಳಾಡುತ್ತಿತ್ತು.

ಬೆನ್ನಿನ ಮೇಲೆ ನೀಲಿ ಮುಳ್ಳುಗಳು ಮತ್ತೆ ಮೂಡಿದವು. ಮುಳ್ಳುಗಳು ಬಿರಿದವು. ಬಿರಿದಲ್ಲೆಲ್ಲ ಕೆಂಬಣ್ಣದ ಕುಚ್ಚು ಬಿಚ್ಚಿಕೊಂಡಿತು.

ಎರಡನೆಯ ಹುಣ್ಣಿಮೆಯ ಬೆಳಗ್ಗೆ ಮಾರಕ್ಕ ಬರಿಯ ಬುಟ್ಟಿಯೊಂದನ್ನು ಕೈಯಲ್ಲಿ ಹಿಡಿದು ಬಂದಳು. ಕೋಳಿಯನ್ನು ಒಯ್ಯಲು ತಂದ ಬುಟ್ಟಿ ಅದು.

"ಎಲ್ಲಿ ನನ್ನ ಕೆಂಚಿ?"

"ನೀವೇ ಹುಡುಕಿ, ಮಾರಕ್ಕ," ಎಂದನು ಪಾಲಾಕ್ಷ.

ಅವಳು ಅಂಗಳದಲ್ಲೆಲ್ಲ ಕಣ್ಣಾಡಿಸಿದಳು. ಹನ್ನೊಂದು ಹ್ಯಾಟೆಗಳಿದ್ದವು. ಬೋಳು ಬೆನ್ನಿನದು ಒಂದೂ ಇರಲಿಲ್ಲ. ಅವಳ ಮುಖ ಬಾಡಿತು.

"ಸತ್ತೋತಾ?"

"ಕರೆದು ನೋಡಿ."

"ಕೆಂಚೀ, ಬಾ ಬಾ ಬಾ ಬಾ!"

ತಿಪ್ಪೆಯ ಮೇಲಿನಿಂದ ಕೆಂಪು ಹ್ಯಾಟೆಯೊಂದು ರೆಕ್ಕೆ ಬಿಚ್ಚಿ ಓಡಿ ಬಂದಿತು. ಬಿಸಿಲಿಗೆ ಅದರ ಬೆನ್ನು ತಾಮ್ರದಂತೆ ಹೊಳೆಯಿತು. ಮಾರಕ್ಕ ಅದನ್ನು ಬಾಚಿ ಎತ್ತಿಕೊಂಡು, ಬಾಯಿಂದ ಊದಿ ಪುಕ್ಕಗಳನ್ನು ಬಿಡಿಸಿ ಬಿಡಿಸಿ ನೋಡಿದಳು. ಒಂದು ಗಾಯವೂ ಸಿಗಲಿಲ್ಲ.

"ಮದುವಣಗಿತ್ತಿ ಆಗ್ಯಾಳಲ್ರೋ ನನ್ನ ಕೆಂಚಿ!"

ಮೌನದ ವೇಳೆಯೆಂಬುದನ್ನು ಮರೆತು ಶಿಷ್ಯರೆಲ್ಲ ಹೋ ಎಂದು ಕೂಗಿದರು. ಯಾರೋ ಪಾಲಾಕ್ಷನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಕಂಬದ ಹಿಂದಿನಿಂದ ಮುರಿಗೆಪ್ಪನೂ ಚಪ್ಪಾಳೆ ತಟ್ಟಿದನು.

ಮಾರಕ್ಕ ಕೆಂಚಿಯನ್ನು ಅಲ್ಲಿಯೇ ಬಿಟ್ಟು ಬರಿಯ ಬುಟ್ಟಿಯೊಡನೆ ಹೊರಟಳು. ಬಾಗಿಲಲ್ಲಿ ನಿಂತು ಹೇಳಿದಳು: "ಇಷ್ಟು ಜನ ಗಂಡಾಳು ಇದ್ದೀರಿ. ನಮ್ಮೂರ ಕಾಲುವೇಲಿ ಹೂಳು ತುಂಬಿ ಆರು ತಿಂಗಳಾತು. ನಿಮಗೂ ಕೆದರೋ ಆಸೆ ಆದ್ರೆ ಬರ್ರಪ್ಪ."

ಹುಣ್ಣಿಮೆಯಾದ್ದರಿಂದ ಅಂದು ಅಪರಾಹ್ನ ಯಾತ್ರಿಕರ ಸಭೆ ನೆರೆಯಿತು. ಪುರಾಣ ಓದಿದವನು ಮುರಿಗೆಪ್ಪ. ಬೆಳಗಿನ ಸಂಭ್ರಮ ಇನ್ನೂ ತಲೆಯಲ್ಲಿತ್ತೋ ಏನೋ, ಓದಿದ ಹಾಳೆಯನ್ನೇ ಮತ್ತೊಮ್ಮೆ ಓದಿಬಿಟ್ಟನು. ಆಗ ತಾನೇ ಸತ್ತ ಅಸುರನು ಎದ್ದು ಬಂದು ಎರಡನೆಯ ಸಲವೂ ಸತ್ತನು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ದೀಪ ಹಚ್ಚಿದರು. ಶಿಷ್ಯರು ಶೋಧನೆಗೆ ಕುಳಿತರು. ಏಳು ಮಂದಿಯ ಕತ್ತುಗಳೂ ಮುರಿಗೆಪ್ಪನ ಕಡೆಗೆ ಚಾಚಿದ್ದವು. ಅವನು ನೆಲ ನೋಡುತ್ತ ಕುಳಿತಿದ್ದನು. ಮುಖದಲ್ಲಿ ರಕ್ತವಿರಲಿಲ್ಲ.

"ಕೆಂಚಿಯ ಬೆನ್ನು ತುಂಬಿತು," ಎಂದಳು ಸೋಮಾಂಬೆ. "ಪಾಲಾಕ್ಷನು ನಾಳೆ ಹೊರಡಬಹುದು. ಹೋಗುವವನದು ಮೊದಲ ಮಾತು."

ಎಲ್ಲರೂ ಪಾಲಾಕ್ಷನನ್ನು ನೋಡಿದರು.

ಸೀನಿನಲ್ಲಿ ಅಹಂಕಾರ ಕಂಡವನು ಈ ಮುರಿಗೆಪ್ಪನೇ. ಪಾಲಾಕ್ಷನ ನಾಲಿಗೆಯ ತುದಿಗೆ ಮಾತು ಬಂದು ನಿಂತಿತು. ಒಳ್ಳೆಯ ಮಾತು. ಹರಿತವಾದುದು. ಸಭೆಗಿಂತಲೂ ಹೆಚ್ಚು ನಗಿಸುವಂಥದು. ಎರಡು ತಿಂಗಳ ನೋವಿಗೆ ಅದೊಂದೇ ಸಾಕಾಗುತ್ತಿತ್ತು.

ಅವನು ಮುರಿಗೆಪ್ಪನ ಬಾಗಿದ ಕತ್ತನ್ನು ನೋಡಿದನು.

"ಆಚೆ ದಡದ ಕಾಲುವೆಯಲ್ಲಿ ಹೂಳು ತುಂಬಿದೆಯಂತೆ," ಎಂದನು. "ಬೆಳಕು ಹರಿಯುತ್ತಲೇ ಹೊಳೆ ದಾಟಿದರೆ ಬಿಸಿಲೇರುವ ಮುಂಚೆ ಅರ್ಧ ತೆಗೆಯಬಹುದು. ಗುದ್ದಲಿ ಹಿಡಿಯಬಲ್ಲವರು ಯಾರ್ಯಾರು?"

ಚಾಚಿದ್ದ ಕತ್ತುಗಳು ಮೆಲ್ಲನೆ ಹಿಂದೆ ಸರಿದವು.

"ನಾನು ಬೇಸಾಯದ ಮನೆಯವನು," ಎಂದನೊಬ್ಬ.

"ಮಣ್ಣು ಹೊರುವುದು ನನಗಿರಲಿ," ಎಂದನು ಇನ್ನೊಬ್ಬ.

"ನೀನು ಹೊರುವುದೇ? ನಿನ್ನ ಹೊಟ್ಟೆ ಹೊತ್ತುಕೊಂಡು ಅಲ್ಲಿಯ ತನಕ ನಡೆ, ಸಾಕು!"

ನಗೆಯೆದ್ದಿತು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಗುದ್ದಲಿ ಎಲ್ಲಿ ಸಿಗುತ್ತದೆ, ಗಂಜಿ ಎಷ್ಟು ಬೇಕು, ಮೇಲಿನ ತೂಬನ್ನು ಮೊದಲು ಮುಚ್ಚಬೇಕೋ ಬೇಡವೋ ಎಂದು ಗದ್ದಲವೋ ಗದ್ದಲ. ಅದರ ನಡುವೆ ಮುರಿಗೆಪ್ಪನು ತಲೆಯೆತ್ತಿದನು.

"ಹೂಳು ತೆಗೆದ ಮೇಲೆ ದಂಡೆ ಗುಡಿಸಲು ಒಬ್ಬನು ಬೇಕಾಗುತ್ತದೆ," ಎಂದನು.

ಮತ್ತೆ ನಕ್ಕರು. ಈ ಸಲ ಮುರಿಗೆಪ್ಪನೂ ನಕ್ಕನು. ನಗುತ್ತಲೇ ಪಾಲಾಕ್ಷನ ಕಡೆಗೆ ತಿರುಗಿ ಮೆಲ್ಲನೆ ಕೇಳಿದನು:

"ನೀನು ನಾಳೆ ಹೋಗುವವನಲ್ಲವೇ, ತಮ್ಮಾ?"

"ಹೂಳು ಎಷ್ಟಿದೆಯೋ ನೋಡಬೇಕು, ಅಣ್ಣಾ."

ಆಗ ಒಬ್ಬನಿಗೆ ನೆನಪಾಗಿ ಗುರುವಿನ ಕಡೆಗೆ ನೋಡಿದನು. "ಅವ್ವಾ, ಇಂದಿನ ಶೋಧನೆ ಆಗಲೇ ಇಲ್ಲವಲ್ಲ?"

ಸೋಮಾಂಬೆ ಮೇಲೆದ್ದು ಸೆರಗು ಕೊಡವಿಕೊಂಡಳು.

"ಗುದ್ದಲಿ ಎತ್ತುವಾಗ ಒಬ್ಬರಿಂದೊಬ್ಬರು ಎರಡು ಮಾರು ದೂರ ನಿಲ್ಲಿ."